ಕಿರ್ದಿ ಪುಸ್ತಕದಲ್ಲಿ ಉಳಿದವರು



ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ತರೀಕೆರೆಯಿಂದ ಒಬ್ಬ ಹೆಣ್ಣುಮಗಳು ಕಡೂರಿನ ನಮ್ಮ ಮನೆಗೆ ಬಂದರು. ಅವರ ಕೈಚೀಲದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಉದ್ದನೆಯ ಪುಸ್ತಕವೊಂದಿತ್ತು. ಕೆಂಪು ಬಟ್ಟೆಯ ರಟ್ಟು, ಮಾಸಿದ ಹಾಳೆಗಳು. ಅಡಿಕೆ ಮಂಡಿಗಳಲ್ಲಿ ದಿನದ ಜಮಾ-ಖರ್ಚು ಬರೆಯುವ ಕಿರ್ದಿ ಪುಸ್ತಕವೆಂದು ನೋಡಿದೊಡನೆ ತಿಳಿಯಿತು.

“ಅಪ್ಪಾಜಿಯ ಬೀರು ತೆಗೆದು ಜೋಡಿಸುವಾಗ ಸಿಕ್ತು ಮೇಷ್ಟ್ರೇ. ಇದರಲ್ಲಿರೋರನ್ನೆಲ್ಲ ಬಲ್ಲವರು ಈಗ ನೀವೊಬ್ಬರೇ ಅಂತ ಅಮ್ಮ ಹೇಳಿದ್ರು. ಅಪ್ಪಾಜಿ ಅರ್ಧಕ್ಕೆ ಬಿಟ್ಟದ್ದನ್ನ ನೀವು ತುಂಬಿಕೊಡಬೇಕಂತೆ,” ಎಂದರು.

ಪುಸ್ತಕ ತೆರೆದೆ. ಅದರಲ್ಲಿ ಅಡಿಕೆಯ ಲೆಕ್ಕವಿರಲಿಲ್ಲ. 1979 ರಿಂದ 1996 ರವರೆಗೆ ಕಡೂರು, ತರೀಕೆರೆ ಮತ್ತು ಅಜ್ಜಂಪುರಗಳಲ್ಲಿ ನಾವು ಆಡಿದ ಬಾಲ್ ಬ್ಯಾಡ್ಮಿಂಟನ್ ಆಟಗಳ ಲೆಕ್ಕವಿತ್ತು. ಯಾರು ಬಂದರು, ಯಾರು ಬರಲಿಲ್ಲ, ಚೆಂಡಿಗೆಷ್ಟು, ಊಟಕ್ಕೆಷ್ಟು ಎಂಬ ವಿವರಗಳೆಲ್ಲ ಗುಮಾಸ್ತರ ದುಂಡಗಿನ ಅಕ್ಷರಗಳಲ್ಲಿದ್ದವು. ಪುಸ್ತಕದ ಕೊನೆಯಲ್ಲಿ ಆಟಗಾರರ ಪಟ್ಟಿ. ಕೆಲವು ಹೆಸರುಗಳ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಒಂದೊಂದು ದಿನಾಂಕ. ಅವು ಆಟದ ದಿನಾಂಕಗಳಲ್ಲ, ಆ ಗೆಳೆಯರು ತೀರಿಕೊಂಡ ದಿನಗಳು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಇಂದಿನ ಮಕ್ಕಳಿಗೆ ಈ ಆಟದ ಪರಿಚಯ ಇರಲಾರದು. ಷಟ್ಲ್ ಕಾಕ್ ಬೇರೆ, ಇದು ಬೇರೆ. ತಂಜಾವೂರಿನ ಅರಮನೆಯ ಅಂಗಳದಲ್ಲಿ ಹುಟ್ಟಿತೆಂದು ಹೇಳಲಾಗುವ ಅಪ್ಪಟ ನಮ್ಮ ನಾಡಿನ ಆಟ. ಒಂದೊಂದು ಕಡೆ ಐವರು. ಅಂಕಣ 24 ಮೀಟರ್ ಉದ್ದ, 12 ಮೀಟರ್ ಅಗಲ. ಚೆಂಡು ಹಳದಿ ಉಣ್ಣೆಯದು, ತೂಕ 30 ಗ್ರಾಂ ಮೀರುವುದಿಲ್ಲ. ಅಖಿಲ ಭಾರತ ಮಟ್ಟದ ಫೆಡರೇಷನ್ 1954 ರಲ್ಲಿ ಸ್ಥಾಪನೆಯಾಯಿತು. ವಾರಂಗಲ್ಲಿನ ಪಿಚ್ಚಯ್ಯನವರಿಗೆ 1970 ರಲ್ಲಿ ಈ ಆಟಕ್ಕಾಗಿ ಅರ್ಜುನ ಪ್ರಶಸ್ತಿ ಬಂದಾಗ ನಮ್ಮಂಥ ಸಣ್ಣ ಊರುಗಳಲ್ಲಿಯೂ ಹಿರಿಯರು ಹೆಮ್ಮೆಪಟ್ಟಿದ್ದರಂತೆ. ಈಗ ಒಂದು ಆಟಕ್ಕೆ 35 ಅಂಕ. ನಮ್ಮ ಕಾಲದಲ್ಲಿ 29. ಬಯಲಿನಲ್ಲಿ ಆಡುವ ಆಟವಾದ್ದರಿಂದ ಗಾಳಿ ಬೀಸಿದರೆ ಚೆಂಡು ದಾರಿ ತಪ್ಪುತ್ತಿತ್ತು, ಮಳೆ ಹನಿದರೆ ಉಣ್ಣೆ ನೆನೆದು ಭಾರವಾಗುತ್ತಿತ್ತು. ಹೆಚ್ಚು ಖರ್ಚಿಲ್ಲದ ಆಟವಾಗಿತ್ತು; ಆದ್ದರಿಂದಲೇ ಅದು ನಮ್ಮದಾಗಿತ್ತು.

ನಮ್ಮ ಮೂರು ಊರುಗಳನ್ನು ಒಂದುಗೂಡಿಸಿದ್ದು ರೈಲು ಮತ್ತು ಬಸ್ಸು. ಬೀರೂರಿನಲ್ಲಿ ರೈಲು ದಾರಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ಕಡೆಗೆ, ಇನ್ನೊಂದು ತರೀಕೆರೆಯ ಮೂಲಕ ಶಿವಮೊಗ್ಗದ ಕಡೆಗೆ. ಆಗ ಅದು ಮೀಟರ್ ಗೇಜ್ ಹಳಿ. ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು ಕೇಂದ್ರ. ಅಂದು ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. ತರೀಕೆರೆಯವರು ಅಡಿಕೆ ತೋಟದ ತಂಪಿನವರು, ಕಡೂರಿನ ನಾವು ತೆಂಗು ಮತ್ತು ರಾಗಿಯ ಬಯಲಿನವರು, ಅಜ್ಜಂಪುರದವರು ಈರುಳ್ಳಿ ಬೆಳೆಯುವವರು. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಪ್ರತಿ ಭಾನುವಾರ ಒಂದಲ್ಲ ಒಂದು ಊರಿನಲ್ಲಿ ನಾವು ಸೇರುತ್ತಿದ್ದೆವು.

ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ. ಅವರ ಮನೆಯವರನ್ನು ಕೇಳದೆ ಬರೆಯುವುದು ಸರಿಯಲ್ಲ. ನಮ್ಮ ಊರುಗಳಲ್ಲಿ ಕಸುಬು ಹೇಳಿದರೆ ಸಾಕು, ಬಲ್ಲವರಿಗೆ ಮುಖ ಕಣ್ಣೆದುರಿಗೆ ಬರುತ್ತದೆ.

ಕಡೂರಿನ ಐವರಲ್ಲಿ ನಾನೇ ಕಿರಿಯ. ಬಲೆಯ ಮುಂದೆ ನಿಲ್ಲುತ್ತಿದ್ದವರು ಟೈಲರ್ ಅಣ್ಣ. ಪ್ರತಿ ವರ್ಷ ಬಲೆಯ ಹರಿದ ಅಂಚಿಗೆ ಹೊಸ ಪಟ್ಟಿ ಹೊಲಿದುಕೊಡುತ್ತಿದ್ದರು. ನನ್ನನ್ನು ಎಂದೂ ಮೇಷ್ಟ್ರೇ ಎಂದವರಲ್ಲ, “ತಮ್ಮಾ” ಎಂದೇ ಕರೆದರು. 2004 ರಲ್ಲಿ ತೀರಿಕೊಂಡರು. ಅಂಚೆ ಕಚೇರಿಯ ರಾಯರು ಸಂಜೆಯ ಟಪಾಲು ಕಳುಹಿಸಿಯೇ ಅಭ್ಯಾಸಕ್ಕೆ ಬರುತ್ತಿದ್ದರು. ಒಂದು ದಿನವೂ ಅದಕ್ಕೆ ಮುಂಚೆ ಬಂದವರಲ್ಲ. ಅವರು ಹೋದದ್ದು 2011 ರಲ್ಲಿ. ನಮ್ಮ ಮೂರು ಊರುಗಳ ಸುದ್ದಿ ಮುಟ್ಟಿಸುತ್ತಿದ್ದವರು ಬಸ್ಸಿನ ಕಂಡಕ್ಟರ್. ಫೋನು ಅಪರೂಪವಾಗಿದ್ದ ಆ ದಿನಗಳಲ್ಲಿ “ಭಾನುವಾರ ಆಟ ಇದೆ” ಎಂಬ ಮಾತು ಅವರ ಬಸ್ಸಿನಲ್ಲಿಯೇ ಪ್ರಯಾಣ ಮಾಡುತ್ತಿತ್ತು. 1998 ರಲ್ಲಿ, ಇನ್ನೂ ಕೆಲಸದಲ್ಲಿದ್ದಾಗಲೇ, ಕಾಮಾಲೆಯಿಂದ ಹೋದರು. ಕೊಬ್ಬರಿ ವ್ಯಾಪಾರದ ಯಜಮಾನರು ಬೆಂಗಳೂರಿಗೆ ಹೋದಾಗಲೆಲ್ಲ ಒಂದು ಡಬ್ಬ ಚೆಂಡು ತರುತ್ತಿದ್ದರು. ದುಡ್ಡು ಕೇಳಿದವರಲ್ಲ. ಕಿರ್ದಿಯಲ್ಲಿ ಆ ಚೆಂಡುಗಳ ಮುಂದೆ “ಯಜಮಾನರ ಲೆಕ್ಕ” ಎಂದಷ್ಟೇ ಇದೆ. ಅವರು 2016 ರಲ್ಲಿ ಮಗನ ಮನೆಯಲ್ಲಿ ಕಣ್ಣು ಮುಚ್ಚಿದರು.

ಅಜ್ಜಂಪುರದಲ್ಲಿ ಒಬ್ಬ ರೈತರಿದ್ದರು. ಹಿಂದಿನ ಸಾಲಿನಲ್ಲಿ ನಿಂತು ಎಂಥ ಚೆಂಡನ್ನಾದರೂ ಎತ್ತಿ ಕಳುಹಿಸುತ್ತಿದ್ದರು. ಈರುಳ್ಳಿಯ ಬೆಲೆ ಬಿದ್ದ ವರ್ಷ ಊಟದ ಚಂದಾ ಕೊಡಲಾಗದೆ, ಅರ್ಧ ಮೂಟೆ ಈರುಳ್ಳಿಯನ್ನೇ ಹೊತ್ತು ತಂದಿದ್ದರು. ಗುಮಾಸ್ತರು ಅದನ್ನು “ಈರುಳ್ಳಿ ಜಮಾ” ಎಂದು ಗೌರವದಿಂದ ದಾಖಲಿಸಿದ್ದಾರೆ. ಅವರು ತೀರಿಕೊಂಡದ್ದು 2009 ರಲ್ಲಿ. ಅಮೃತಮಹಲ್ ರಾಸುಗಳ ಕೇಂದ್ರದಲ್ಲಿ ಕೆಲಸಕ್ಕಿದ್ದ ಇನ್ನೊಬ್ಬರು ಮಂಡಿನೋವು ಬಂದ ಮೇಲೆ ಆಟ ಬಿಟ್ಟು ಅಂಪೈರ್ ಆದರು. ಅವರ ತೀರ್ಪನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. 2013 ರಲ್ಲಿ ಅವರೂ ಹೋದರು.

ತರೀಕೆರೆಯ ವೆಲ್ಡಿಂಗ್ ಅಂಗಡಿಯ ಸಾಹೇಬರು ಮೂರು ಊರಿಗೂ ಬಲೆ ಕಟ್ಟುವ ಕಬ್ಬಿಣದ ಕಂಬಗಳನ್ನು ಮಾಡಿಕೊಟ್ಟಿದ್ದರು. ಅವುಗಳಲ್ಲೊಂದು ಕಡೂರಿನಲ್ಲಿ ಇಂದಿಗೂ ನಿಂತಿದೆ; ಈಗ ಅದಕ್ಕೆ ಯಾರೋ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾರೆ. ಸಾಹೇಬರು 2020 ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗುಮಾಸ್ತರು ಬರೆದ ಕೊನೆಯ ದಿನಾಂಕ ಅದೇ.

ಇನ್ನು ಗುಮಾಸ್ತರ ವಿಷಯ. ಇದನ್ನು ಬರೆಯಲೆಂದೇ ಇಷ್ಟು ಪೀಠಿಕೆ ಹಾಕಿದೆನೇನೋ.

1988 ರ ಫೆಬ್ರವರಿ. ಅಜ್ಜಂಪುರದಲ್ಲಿ ಮೂರು ಊರುಗಳ ಪಂದ್ಯ. ಕೊನೆಯ ಆಟ ನಮಗೂ ತರೀಕೆರೆಗೂ. ಒಂದೊಂದು ಆಟ ಗೆದ್ದು ಸಮವಾಗಿದ್ದೆವು. ಮೂರನೆಯದರಲ್ಲಿ ಇಬ್ಬರೂ 26 ರಲ್ಲಿ ನಿಂತಿದ್ದೆವು. ತರೀಕೆರೆಯ ನಡು ಆಟಗಾರ ಗುಮಾಸ್ತರು. ಅವರು ಬಲವಾಗಿ ಹೊಡೆದ ಚೆಂಡು ನನ್ನ ಬಲಗಡೆಯಿಂದ ಹಾದು ಗೆರೆಯಾಚೆ ಬಿದ್ದಿತು. ಹಾದುಹೋಗುವಾಗ ನನ್ನ ಬ್ಯಾಟಿನ ಮರದ ಅಂಚಿಗೆ ತಾಗಿತ್ತು. ಸದ್ದಾಗಲಿಲ್ಲ; ಉಣ್ಣೆಯ ಚೆಂಡು ಸದ್ದು ಮಾಡುವುದಿಲ್ಲ. ಆದರೆ ಕೈಗೆ ತಿಳಿಯಿತು.

ಅಂಪೈರಿಗೆ ಅನುಮಾನ ಬಂದಿತು. ಅವರು ನನ್ನ ಕಡೆಗೆ ತಿರುಗಿ, “ಮೇಷ್ಟ್ರೇ, ತಾಗ್ತಾ? ನಿಮ್ಮ ಮಾತೇ ಕೊನೆ,” ಎಂದರು.

“ಇಲ್ಲ,” ಎಂದೆ.

ಅಷ್ಟೇ. ಬೇರೆ ಯಾರನ್ನಾದರೂ ಅವರು ಹಾಗೆ ಕೇಳುತ್ತಿದ್ದರೋ ಇಲ್ಲವೋ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿದ್ದ ಮೇಷ್ಟ್ರು. ಆದ್ದರಿಂದ ಕೇಳಿದರು, ಆದ್ದರಿಂದಲೇ ನಂಬಿದರು. ಬಲೆಯ ಆಚೆಯಿಂದ ಗುಮಾಸ್ತರು ನನ್ನನ್ನೊಮ್ಮೆ ನೋಡಿದರು. ಏನೂ ಹೇಳದೆ ತಮ್ಮ ಜಾಗಕ್ಕೆ ಹೋಗಿ ನಿಂತರು. ಆಟದ ದಿಕ್ಕು ಅಲ್ಲಿಂದ ತಿರುಗಿತು. ಮೊದಲು 29 ಮುಟ್ಟಿದವರು ನಾವು. ಟೈಲರ್ ಅಣ್ಣ ನನ್ನನ್ನು ಎತ್ತಿಕೊಂಡು ಕುಣಿದರು. ಕೈಕುಲುಕಲು ಬಂದ ಗುಮಾಸ್ತರ ದೃಷ್ಟಿ ಒಂದು ಕ್ಷಣ ನನ್ನ ಬ್ಯಾಟಿನ ಮೇಲೆ ನಿಂತಿತು. ಅದರ ಅಂಚಿನ ಸೀಳಿನಲ್ಲಿ ಹಳದಿ ಉಣ್ಣೆಯ ಎಳೆಯೊಂದು ಸಿಕ್ಕಿಕೊಂಡಿತ್ತು.

ಆ ದಿನದ ದುರ್ದೈವ ಅಲ್ಲಿಗೆ ಮುಗಿಯಲಿಲ್ಲ. ಪಂದ್ಯ ನಡೆಸಿದವರ ಮನೆಯಲ್ಲಿ ನಾನು ಮಾತಿಗೆ ನಿಂತೆ, ನಮ್ಮವರು ರೈಲು ಹತ್ತಿ ಹೊರಟುಹೋದರು. “ಯೋಚನೆ ಮಾಡ್ಬೇಡಿ, ನಮ್ಮನೆಗೆ ಬನ್ನಿ,” ಎಂದು ಗುಮಾಸ್ತರೇ ಕರೆದರು. ಲಾರಿಯೊಂದರಲ್ಲಿ ತರೀಕೆರೆ ಸೇರಿದೆವು. ಅವರ ಮನೆಯವರು ಬಿಸಿಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಆಗ ಪುಟ್ಟ ಮಗುವಾಗಿದ್ದ ಆ ಮಗಳು ನಮ್ಮ ಕಪ್ಪನ್ನು ಹಿಡಿದುಕೊಂಡು ಮನೆಯೆಲ್ಲ ಓಡಾಡಿದಳು. ಊಟವಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಇಬ್ಬರೂ ಮಲಗಿದೆವು. ಹೇಳಿಬಿಡಬೇಕೆಂದು ಎರಡು ಬಾರಿ ಬಾಯಿ ತೆರೆದೆ. ಗುಮಾಸ್ತರು ಅಡಿಕೆಯ ಧಾರಣೆ, ಮಳೆ, ಮಗಳ ಶಾಲೆ ಎಂದು ಮಾತಾಡುತ್ತಲೇ ಇದ್ದರು. ನನ್ನನ್ನು ಮುಜುಗರದಿಂದ ಉಳಿಸಲೆಂದೇ ಅಷ್ಟು ಮಾತಾಡಿದರೆಂದು ಈಗ ಅನ್ನಿಸುತ್ತದೆ.

ಮರುದಿನ ಮೊದಲ ಬಸ್ಸಿಗೆ ಹೊರಟು ನೇರವಾಗಿ ಶಾಲೆಗೆ ಹೋದೆ. ಎಂಟನೆಯ ತರಗತಿಯ ಹುಡುಗನೊಬ್ಬ ಮನೆಗೆಲಸ ಮಾಡದೆ, ಪುಸ್ತಕ ಕಳೆದುಹೋಯಿತೆಂದು ಸುಳ್ಳು ಹೇಳಿದ. “ತಪ್ಪು ಮಾಡಿದರೆ ಕ್ಷಮೆಯಿದೆ, ಸುಳ್ಳಿಗಿಲ್ಲ,” ಎಂದು ಅವನನ್ನು ಇಡೀ ಪೀರಿಯಡ್ ಬಾಗಿಲ ಹೊರಗೆ ನಿಲ್ಲಿಸಿದೆ. ಕಪ್ಪು ಹಲಗೆಯ ಕಡೆಗೆ ತಿರುಗಿದಾಗ ಸೀಮೆಸುಣ್ಣ ಹಿಡಿದ ನನ್ನ ಕೈ ನಡುಗಿತು. ಆದರೂ ಅವನನ್ನು ಒಳಗೆ ಕರೆಯಲಿಲ್ಲ.

ಆಮೇಲಿನ ಮೂವತ್ತಮೂರು ವರ್ಷಗಳಲ್ಲಿ ಗುಮಾಸ್ತರನ್ನು ಎಷ್ಟು ಬಾರಿ ಕಂಡೆನೋ ಲೆಕ್ಕವಿಲ್ಲ. ನನ್ನ ಮಗನ ಮದುವೆಗೆ ಬಂದರು. ಟೈಲರ್ ಅಣ್ಣನ ಮಣ್ಣಿಗೆ ನನಗಿಂತ ಮೊದಲು ಬಂದು ನಿಂತಿದ್ದರು. ಪ್ರತಿ ಬಾರಿಯೂ ಹೇಳಬೇಕೆಂದುಕೊಂಡೆ. ಪ್ರತಿ ಬಾರಿಯೂ ಮುಂದಿನ ಸಲ ಹೇಳಿದರಾಯಿತೆಂದುಕೊಂಡೆ. 2021 ರ ಏಪ್ರಿಲ್ ಕೊನೆಯಲ್ಲಿ ಕೊರೋನಾದ ಎರಡನೆಯ ಅಲೆಗೆ ರಾಜ್ಯವೆಲ್ಲ ಬಾಗಿಲು ಹಾಕಿತು. ಮೇ ತಿಂಗಳಲ್ಲಿ ಗುಮಾಸ್ತರು ಆಸ್ಪತ್ರೆ ಸೇರಿದರು, ಐದನೆಯ ದಿನ ಹೋಗಿಬಿಟ್ಟರು. ಕಡೂರಿನಿಂದ ತರೀಕೆರೆ ಎಷ್ಟು ದೂರ? ಆದರೂ ಮುಖ ನೋಡಲಾಗಲಿಲ್ಲ. ಎಷ್ಟೋ ಮನೆಗಳಲ್ಲಿ ಆ ವರ್ಷ ಹೀಗೇ ಆಯಿತೆಂದು ನಿಮಗೆಲ್ಲ ಗೊತ್ತಿದೆ.

ಮಗಳು ಪುಸ್ತಕ ಕೊಟ್ಟು ಹೋದ ಮೇಲೆ ನಾನು ಮೊದಲು ಹುಡುಕಿದ್ದು ಆ ದಿನದ ಪುಟವನ್ನು. ಏನೋ ಬರೆದಿರಬಹುದೆಂದು ಭಯವಿತ್ತು. ಇದ್ದದ್ದು ಇಷ್ಟು: “ಅಜ್ಜಂಪುರ. ಬಂದವರು 17. ಕಡೂರಿಗೆ ಗೆಲುವು. ಚೆಂಡು 3. ಊಟ ಚೆನ್ನಾಗಿತ್ತು. ಮೇಷ್ಟ್ರಿಗೆ ರೈಲು ತಪ್ಪಿತು, ನಮ್ಮ ಮನೆಯಲ್ಲಿ ಉಳಿದರು. ಸಂತೋಷ.”

ಆ ಕೊನೆಯ ಪದವನ್ನು ಓದಿ ಬಹಳ ಹೊತ್ತು ಕುಳಿತೆ. ಎಲ್ಲವನ್ನೂ ಕಂಡ ಲೆಕ್ಕದ ಮನುಷ್ಯ ಆ ಒಂದು ಬಾಕಿಯನ್ನು ಮಾತ್ರ ಬರೆಯದೆ ಬಿಟ್ಟಿದ್ದರು. ಅವರು ಬಿಟ್ಟರೆಂದು ನಾನು ಬಿಡಬಹುದೇ?

ಈ ವಾರ ಆ ಕೆಲಸ ಮುಗಿಸಿದೆ. ಪಟ್ಟಿಯಲ್ಲಿ ಗುಮಾಸ್ತರ ಹೆಸರಿನ ಪಕ್ಕದಲ್ಲಿ 2021 ರ ಆ ದಿನಾಂಕವನ್ನು ಬರೆದೆ. ಅವರ ನಂತರ ಹೋದ ಇನ್ನಿಬ್ಬರ ದಿನಾಂಕಗಳನ್ನೂ ಅವರವರ ಮನೆಯವರನ್ನು ಕೇಳಿ ತುಂಬಿದೆ. ಆಮೇಲೆ 1988 ರ ಆ ಪುಟಕ್ಕೆ ಹಿಂದಿರುಗಿ, ಅವರ ಬರಹದ ಕೆಳಗೆ ಒಂದು ಸಾಲು ಸೇರಿಸಿ ಸಹಿ ಮಾಡಿದೆ: “ಚೆಂಡು ನನ್ನ ಬ್ಯಾಟಿಗೆ ತಾಗಿತ್ತು. ಕೇಳಿದಾಗ ಇಲ್ಲವೆಂದೆ.” ಬರುವ ಭಾನುವಾರ ತರೀಕೆರೆಗೆ ಹೋಗಿ ಪುಸ್ತಕವನ್ನು ಗುಮಾಸ್ತರ ಮನೆಯವರ ಕೈಗೆ ಕೊಡಬೇಕು. ಅವರ ಎದುರಿಗೆ ಆ ಸಾಲನ್ನು ನಾನೇ ಓದಿ ಹೇಳಬೇಕು. ಅಂದು ಮುದ್ದೆ ಬಡಿಸಿದವರು ಅವರು; ಅವರಿಗೂ ತಿಳಿಯಬೇಕು.

ಅಂದು ಬಾಗಿಲ ಹೊರಗೆ ನಿಂತ ಹುಡುಗ ಈಗ ಐವತ್ತರ ಹತ್ತಿರದ ಗೃಹಸ್ಥನಾಗಿರಬೇಕು. ಅವನು ಇದನ್ನು ಓದುತ್ತಿದ್ದರೆ ಒಂದು ಮಾತು: ಅಪ್ಪಾ, ಆ ದಿನ ಹೊರಗೆ ನಿಲ್ಲಬೇಕಾದವರು ಇಬ್ಬರಿದ್ದೆವು.

ಓದುಗರಲ್ಲಿ ಇನ್ನೊಂದು ವಿನಂತಿ. ನಿಮ್ಮ ತಂದೆ, ಚಿಕ್ಕಪ್ಪ, ಸೋದರಮಾವ ಯಾರಾದರೂ ಈ ಮೂರು ಊರುಗಳಲ್ಲಿ ನಮ್ಮ ಜೊತೆ ಆಡಿದ್ದರೆ ದಯವಿಟ್ಟು ತಿಳಿಸಿ. ಒಂದೆರಡು ದಿನ ಮಾತ್ರ ಬಂದು ಆಡಿ ಹೋದ ಕೆಲವರನ್ನು ಗುಮಾಸ್ತರು “ಹೊಸಬರು” ಎಂದಷ್ಟೇ ಬರೆದಿದ್ದಾರೆ. ಅವರ ಹೆಸರುಗಳೂ ಆ ಪುಸ್ತಕದಲ್ಲಿ ಸೇರಲಿ.

ನಿಮ್ಮ ಪ್ರೀತಿಯ
ಮೇಷ್ಟ್ರು
ಕಡೂರು