ಬೋಡಿಮೆಟ್ಟು: ಬೆಟ್ಟ ಜಲ್ಲಿಯಾಗುವ ಬಗೆ

ತೇನಿಯಿಂದ ಪಶ್ಚಿಮಾಭಿಮುಖವಾಗಿ ಹೊರಟು ಬೋಡಿನಾಯಕನೂರನ್ನು ದಾಟಿದರೆ ಪಶ್ಚಿಮ ಘಟ್ಟವು ಗೋಡೆಯಂತೆ ಎದುರು ನಿಲ್ಲುತ್ತದೆ. 17 ಕಡಿದಾದ ತಿರುವುಗಳನ್ನೇರಿದ ಬಳಿಕ ಬರುವುದೇ ಬೋಡಿಮೆಟ್ಟು. ಅತ್ತ ಇಡುಕ್ಕಿಯ ಏಲಕ್ಕಿ ತೋಟಗಳು, ಇತ್ತ ತಮಿಳುನಾಡಿನ ಬಯಲು. ತಲೆಮಾರುಗಳಿಂದ ಈ ಸೀಮೆಯಲ್ಲಿ ನೆಲೆಸಿ ಮನೆಯೊಳಗೆ ಕನ್ನಡವನ್ನು ಕಾಪಾಡಿಕೊಂಡು ಬಂದ ಒಕ್ಕಲಿಗ ಕುಟುಂಬಗಳಿಗೆ ಈ ಘಟ್ಟ ಅಪರಿಚಿತವಲ್ಲ. ಇಲ್ಲಿನ ಮಂಜನ್ನೂ ಏಲಕ್ಕಿಯ ಕಂಪನ್ನೂ ಬಣ್ಣಿಸಿದವರು ಬಹುಮಂದಿ. ನಾವಾದರೋ ಚಕ್ರದಡಿಯ ಕಲ್ಲನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಬೋಡಿ ಬೆಟ್ಟಗಳ ಶಿಲೆ ಬಹುಮಟ್ಟಿಗೆ ಚಾರ್ನೊಕೈಟ್ ಎಂಬ ಅತಿ ಗಟ್ಟಿಯಾದ ಕಲ್ಲು. ಇಂಥದನ್ನು ಒಡೆದು ಜಲ್ಲಿ ಮಾಡುವುದು ಹಿಂದೆ ಸುತ್ತಿಗೆ ಹಿಡಿದು ರಸ್ತೆಯಂಚಿನಲ್ಲಿ ಕುಳಿತ ಕೂಲಿಯವರ ಕೆಲಸವಾಗಿತ್ತು. ಅಮೆರಿಕದ ಎಲಿ ವಿಟ್ನಿ ಬ್ಲೇಕ್ ಎಂಬವರು ತಮ್ಮೂರಿನ ರಸ್ತೆಗೆ ಜಲ್ಲಿ ಒದಗಿಸುವ ಚಿಂತೆಯಿಂದ ಯಂತ್ರವೊಂದನ್ನು ಕಲ್ಪಿಸಿ 1858ರಲ್ಲಿ ಹಕ್ಕುಪತ್ರ ಪಡೆದರು. ಅದೇ ‘ಜಾ ಕ್ರಷರ್’. ಒಂದು ಉಕ್ಕಿನ ಹಲಗೆ ಸ್ಥಿರ, ಇನ್ನೊಂದು ಚಲಿಸುವಂಥದು. ನಡುವೆ ಬಿದ್ದ ಬಂಡೆ ದವಡೆಗೆ ಸಿಕ್ಕ ಕಡಲೆಯಂತೆ ಒಡೆಯುತ್ತದೆ.

ಎರಡನೆಯ ಹಂತಕ್ಕೆ ‘ಕೋನ್ ಕ್ರಷರ್’. ನಮ್ಮ ಮನೆಗಳ ಒರಳುಕಲ್ಲನ್ನು ನೆನೆದರೆ ಇದರ ಬಗೆ ತಿಳಿಯುತ್ತದೆ. ಶಂಕುವಿನಾಕಾರದ ಗುಂಡು ಓಲಾಡುತ್ತ ಸುತ್ತುವಾಗ ಕಲ್ಲು ಅದಕ್ಕೂ ಹೊರಗಿನ ಬಟ್ಟಲಿಗೂ ನಡುವೆ ಅರೆಯಲ್ಪಡುತ್ತದೆ. ಗಟ್ಟಿಕಲ್ಲಿಗೆ ಇದೇ ಯೋಗ್ಯ. ಬಡಿದು ಒಡೆಯುವ ‘ಇಂಪ್ಯಾಕ್ಟ್ ಕ್ರಷರ್’ ಸಿಮೆಂಟಿಗೆ ಬೇಕಾದ ಸುಣ್ಣದಕಲ್ಲಿನಂಥ ಮೆದು ಶಿಲೆಗೆ ಹೊಂದುತ್ತದೆ. ಗಟ್ಟಿಕಲ್ಲಿಗೆ ತಾಗಿದರೆ ಅದರ ಬಡಿಗೆಗಳೇ ಬೇಗ ಸವೆಯುತ್ತವೆ. ಕಲ್ಲನ್ನು ಕಲ್ಲಿಗೇ ಎಸೆದು ಪುಡಿಮಾಡುವ ಲಂಬ ಯಂತ್ರದಿಂದ ‘ಎಂ ಸ್ಯಾಂಡ್’ ದೊರೆಯುತ್ತದೆ. ನದಿಗಳ ಮರಳು ಬರಿದಾಗುತ್ತಿರುವ ಈ ಕಾಲದಲ್ಲಿ ಮನೆ ಕಟ್ಟುವವರಿಗೆ ಇದೇ ಆಸರೆ. ಕೊನೆಯಲ್ಲಿ ಅಲುಗುವ ಜರಡಿಗಳು ಜಲ್ಲಿಯನ್ನು ಗಾತ್ರಕ್ಕನುಸಾರ ಬೇರ್ಪಡಿಸುತ್ತವೆ.

ಇದರ ಫಲ ನಮ್ಮ ಕಣ್ಣೆದುರಿಗೇ ಇದೆ. 2010ರ ಕೊನೆಯಲ್ಲಿ ನಿಂತುಹೋದ ಮಧುರೆ–ಬೋಡಿ ರೈಲುಮಾರ್ಗವು ಅಗಲಗೊಂಡು 2022ರಲ್ಲಿ ತೇನಿಯನ್ನೂ 2023ರ ಜೂನಿನಲ್ಲಿ ಬೋಡಿಯನ್ನೂ ಮುಟ್ಟಿತು. ಹಳಿಯಡಿ ಹಾಸುವ ಜಲ್ಲಿ ಚೂಪುಮೂಲೆಗಳುಳ್ಳ ಗಟ್ಟಿಕಲ್ಲೇ ಆಗಬೇಕು, ಉರುಟುಕಲ್ಲು ಜಾರುತ್ತದೆ. ಬೋಡಿಮೆಟ್ಟಿನಿಂದ ಮುನ್ನಾರಿಗೆ ಸಾಗುವ ಸುಮಾರು 42 ಕಿ.ಮೀ. ಹೆದ್ದಾರಿಯೂ ಅಗಲಗೊಂಡು 2024ರ ಜನವರಿಯಲ್ಲಿ ಲೋಕಾರ್ಪಣೆಯಾಯಿತು.

ಆದರೆ ಬೆಟ್ಟ ತನ್ನ ಲೆಕ್ಕವನ್ನು ಮರೆಯುವುದಿಲ್ಲ. ಇದೇ ಹೆದ್ದಾರಿಯ ಗ್ಯಾಪ್ ರಸ್ತೆಯಲ್ಲಿ ಅಗಲೀಕರಣದ ವೇಳೆ, 2019ರ ಅಕ್ಟೋಬರಿನಲ್ಲಿ ಬಂಡೆಗಳು ಜರಿದು ದುಡಿಯುತ್ತಿದ್ದವರ ಪ್ರಾಣಹಾನಿಯಾಯಿತು. ಮರುವರ್ಷವೂ ಗುಡ್ಡ ಕುಸಿಯಿತು. ಇದು ಎಲ್ಲರಿಗೂ ಕಾಣುವ ಅಪಾಯ. ಕಾಣದ ಅಪಾಯ ಇನ್ನೊಂದಿದೆ: ಕ್ರಷರಿನ ಧೂಳು. ಅದರಲ್ಲಿನ ಸಿಲಿಕಾದ ಅತಿಸೂಕ್ಷ್ಮ ಕಣಗಳು ವರ್ಷಗಟ್ಟಲೆ ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ರೋಗವನ್ನು ತರುತ್ತವೆ. ಇದನ್ನು ತಡೆಯಬಹುದು, ಬಂದ ಮೇಲೆ ಗುಣಪಡಿಸಲಾಗದು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರು ಈ ರೋಗವನ್ನು ಚೆನ್ನಾಗಿ ಬಲ್ಲರು. ಅವರಲ್ಲಿ ಬಹುಮಂದಿ ಕನ್ನಡ ನೆಲದಲ್ಲಿ ಬಾಳಿದ ತಮಿಳರು. ತಮಿಳು ನೆಲದಲ್ಲಿ ಬಾಳುವ ಕನ್ನಡಿಗರಾದ ನಾವು ಅವರ ಅನುಭವದಿಂದ ಕಲಿಯುವುದು ಉಚಿತ.

ಪರಿಹಾರ ದೊಡ್ಡದೇನಲ್ಲ. ಕಲ್ಲು ಒಡೆಯುವೆಡೆ ನೀರು ಸಿಂಪಡಿಸುವುದು, ಜರಡಿಗೂ ಜಲ್ಲಿ ಸಾಗಿಸುವ ಪಟ್ಟಿಗೂ ಮುಚ್ಚಿಗೆ ಹಾಕುವುದು, ಕೆಲಸಗಾರನಿಗೆ ತಕ್ಕ ಮುಖಕವಚ ಕೊಡುವುದು, ಕಾಲಕಾಲಕ್ಕೆ ಎದೆಯ ಪರೀಕ್ಷೆ ಮಾಡಿಸುವುದು. ಮೂಗಿಗೆ ಸುತ್ತಿದ ಟವೆಲ್ಲು ಈ ಕಣಗಳನ್ನು ತಡೆಯಲಾರದು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ನಮಗೆ, ಹತ್ತನೆಯ ತರಗತಿ ಮುಗಿಸಿ ಕ್ರಷರಿನ ಕೂಲಿಗೆ ಹೊರಡುವ ಹುಡುಗರು ಹೊಸಬರಲ್ಲ. ಆ ದುಡಿಮೆ ಹೀನವಲ್ಲ. ಮಗನನ್ನು ಅಲ್ಲಿಗೆ ಕಳುಹಿಸುವ ತಂದೆತಾಯಿಗಳು ದಿನಗೂಲಿ ಎಷ್ಟೆಂದು ಕೇಳುವಾಗಲೇ, ಅಲ್ಲಿ ನೀರು ಸಿಂಪಡಿಸುತ್ತಾರೆಯೇ ಎಂಬುದನ್ನೂ ಕೇಳಲಿ.