ಮನೆ ಬದಲಾಯ್ತು, ವಿಳಾಸ ಅದೇ

ಅಮೆರಿಕದಲ್ಲಿ ನಾನು ಕೆಲಸ ಮಾಡೋ ವಿಶ್ವವಿದ್ಯಾಲಯದಲ್ಲಿ ಇನ್ನೂ ಎಎಫ್‌ಎಸ್ ಇದೆ. ಅಂದ್ರೆ ಆಂಡ್ರೂ ಫೈಲ್ ಸಿಸ್ಟಮ್. 1980ರ ದಶಕದಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಹುಟ್ಟಿದ್ದು. ಕಾರ್ನೆಗಿ, ಮೆಲನ್ ಇಬ್ಬರ ಹೆಸರೂ ಆಂಡ್ರೂನೇ. ಹಳೇದು ಅಂತ ಹೊಸಬರು ಮೂಗು ಮುರೀತಾರೆ. ಮುರೀಲಿ ಬಿಡಿ.

ಕಳೆದ ಚಳಿಗಾಲ ಒಂದು ಸರ್ವರ್‌ನ ಡಿಸ್ಕ್ ಕೈಕೊಡೋ ಲಕ್ಷಣ ತೋರಿಸ್ತು. ಅದರಲ್ಲಿದ್ದ ಒಂದು ವಾಲ್ಯೂಮ್ ಧಾರವಾಡದ ಹುಡುಗಿಯದ್ದು. ಮರುವಾರವೇ ಪಿಎಚ್‌ಡಿ ಪ್ರಬಂಧ ಒಪ್ಪಿಸಬೇಕಿತ್ತು. "ಅಣ್ಣಾ, ಬರೆಯೋದು ನಿಲ್ಲಿಸ್ಲಾ?" ಅಂತ ಮೆಸೇಜ್ ಹಾಕಿದಳು. ಬೇಡಮ್ಮ, ಬರೀತಾ ಇರು ಅಂದೆ.

'ವೋಸ್ ಮೂವ್' ಕೊಟ್ಟರೆ ಮೊದಲು ವಾಲ್ಯೂಮ್‌ನ ತದ್ರೂಪು ತೆಗೆದು ಹೊಸ ಸರ್ವರ್‌ಗೆ ಸಾಗಿಸುತ್ತೆ. ಅಷ್ಟು ಹೊತ್ತೂ ಅವಳು ಮೂಲದಲ್ಲೇ ಬರೀಬಹುದು. ಕೊನೆಗೆ ಸ್ವಲ್ಪ ಹೊತ್ತು ಬೀಗ ಹಾಕಿ, ಆ ನಡುವೆ ಬದಲಾದದ್ದನ್ನಷ್ಟೇ ಒಯ್ದು, ಯಾವ ವಾಲ್ಯೂಮ್ ಎಲ್ಲಿದೆ ಅನ್ನೋ ಪಟ್ಟಿ ತಿದ್ದಿ, ಹಳೇದನ್ನ ಅಳಿಸಿಬಿಡುತ್ತೆ. ಆ ಅಳಿಸೋ ಹಂತ ಬಂದಾಗೆಲ್ಲ ನನಗೆ ಹೊಟ್ಟೆ ತೊಳಸುತ್ತೆ. ಅದಕ್ಕೇ ಮೊದಲೇ ಬೇರೆ ಕಡೆ ಒಂದು ಪ್ರತಿ ಇಟ್ಕೊಂಡಿದ್ದೆ. ಹಿಂದಿನ ರಾತ್ರಿಯ ಬ್ಯಾಕಪ್ ವಾಲ್ಯೂಮ್ ಜೊತೆಗೆ ಬರಲ್ಲ, ಹೊಸ ಜಾಗದಲ್ಲಿ ಮತ್ತೆ ಮಾಡ್ಬೇಕು. ಅದನ್ನೂ ಮಾಡಿ ಮಲಗಿದೆ.

ಬೆಳಿಗ್ಗೆ ಅವಳ ಮೆಸೇಜ್: "ಅಣ್ಣಾ, ಯಾವಾಗ ಶುರು ಮಾಡ್ತೀರಿ?"