ಒನಕೆಗೆ ಯಾವ ಬಣ್ಣದ ಬೆಲ್ಟು?

ಪತ್ರಿಕೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ: ‘ಇಂಥವರ ಗರಡಿಯಲ್ಲಿ ಪಳಗಿದವರು’. ರಾಜಕಾರಣಿಗೊಂದು ಗರಡಿ, ಸಿನಿಮಾ ನಿರ್ದೇಶಕನಿಗೊಂದು ಗರಡಿ, ಸಂಪಾದಕನಿಗೂ ಒಂದು. ಚುನಾವಣೆಯ ಕಾಲದಲ್ಲಿ ಮಂಡ್ಯ ಜಿಲ್ಲೆಯ ವರದಿಗಳನ್ನು ಓದಿದ ಹೊರಗಿನವರು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಜನವೆಲ್ಲ ಬೆಳಗಿನ ಜಾವ ಲಂಗೋಟಿ ಕಟ್ಟಿ ಸಾಮು ಮಾಡುತ್ತಿದ್ದಾರೆ ಎಂದೇ ನಂಬಿಯಾರು. ಮಣ್ಣಿನ ಗರಡಿ ಕಡಿಮೆಯಾದಷ್ಟೂ ಮಾತಿನ ಗರಡಿ ಹೆಚ್ಚುತ್ತಿರಬೇಕು. ನನ್ನ ತಕರಾರು ಗರಡಿಯ ಮೇಲಲ್ಲ, ‘ಪಳಗಿದ’ ಎಂಬುದರ ಮೇಲೆ. ಆನೆಯನ್ನು ಪಳಗಿಸುತ್ತಾರೆ, ಹೋರಿಯನ್ನು ಪಳಗಿಸುತ್ತಾರೆ. ಬಡವರ ಮಕ್ಕಳಿಗೆ ಕರಾಟೆಯನ್ನೋ ಕುಸ್ತಿಯನ್ನೋ ಕಲಿಸುವ ಕಾರ್ಯಕ್ರಮ ಎಲ್ಲೇ ಉದ್ಘಾಟನೆಯಾಗಲಿ, ವೇದಿಕೆಯ ಮಾತಿನಲ್ಲಿ ಇದೇ ವಾಸನೆ ಹೊಡೆಯುತ್ತದೆ: ಇದರಿಂದ ಮಕ್ಕಳಿಗೆ ಶಿಸ್ತು ಬರುತ್ತದೆ, ಗುರುಹಿರಿಯರಲ್ಲಿ ಗೌರವ ಬರುತ್ತದೆ, ಸಂಸ್ಕಾರ ಬರುತ್ತದೆ. ಬರಬೇಕು ಎಂದರೆ ಸದ್ಯಕ್ಕೆ ಇಲ್ಲ ಎಂದು ತಾನೆ? ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗು ಅದೇ ಕರಾಟೆ ಕಲಿತರೆ ಅದು ‘ಹವ್ಯಾಸ’. ಹಾಸ್ಟೆಲಿನ ಮಗು ಕಲಿತರೆ ‘ಮೌಲ್ಯ ಶಿಕ್ಷಣ’.

ಕಲಿಸುವುದೇ ತಪ್ಪು ಎಂದು ಇದರ ಅರ್ಥವಲ್ಲ. ಕೇಂದ್ರದ ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಇದೆ. ಸರ್ಕಾರಿ ಶಾಲೆಗಳ ಆರನೆಯ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳಿಗೆ ಮೂರು ತಿಂಗಳು, ಶಾಲೆಗೆ ತಿಂಗಳಿಗೆ 5,000 ರೂಪಾಯಿಯ ಲೆಕ್ಕ. ನಮ್ಮ ಸಮಾಜ ಕಲ್ಯಾಣ ಇಲಾಖೆಯೂ ವಸತಿ ಶಾಲೆ, ಹಾಸ್ಟೆಲುಗಳ ಹುಡುಗಿಯರಿಗೆ ಕರಾಟೆಯಂಥ ಕಲೆ ಕಲಿಸಲು ಹೊರಟು ಅದಕ್ಕೆ ಚಿತ್ರದುರ್ಗದ ಒನಕೆ ಓಬವ್ವನ ಹೆಸರಿಟ್ಟಿತು. ಹೆಸರೇನೋ ಚೆನ್ನಾಗಿದೆ. ಆದರೆ ಶ್ರೀರಂಗಪಟ್ಟಣದ ಮಟ್ಟಿಗೆ ಸ್ವಲ್ಪ ತಮಾಷೆಯಾಗಿಯೂ ಇದೆ. ಓಬವ್ವ ಹೊಡೆದದ್ದು ಹೈದರಾಲಿಯ ಸೈನಿಕರನ್ನು; ಆ ಸೈನ್ಯದ ನೆಲೆ ಇದೇ ಊರಿನ ಕೋಟೆ. ಯಾರ ಮಂಡೆಯ ಮೇಲೆ ಒನಕೆ ಬಿತ್ತೋ ಅವರ ಊರಿನಲ್ಲೇ ಈಗ ಒನಕೆಯ ಹೆಸರಿನಲ್ಲಿ ಪಾಠ. ಇತಿಹಾಸ ಮನಸ್ಸು ಮಾಡಿದರೆ ಇಂಥ ಕುಚೇಷ್ಟೆ ಮಾಡುತ್ತದೆ.

ಓಬವ್ವನ ಹೆಸರು ಬಂದಮೇಲೆ ಅವಳನ್ನು ಅಷ್ಟಕ್ಕೇ ಬಿಟ್ಟು ಮುಂದೆ ಹೋಗುವುದು ಕಷ್ಟ. ಚಿತ್ರದುರ್ಗದ ಕೋಟೆ ಹೈದರನ ವಶವಾದದ್ದು 1779ರಲ್ಲಿ. ಅದಕ್ಕೂ ಮೊದಲಿನ ಮುತ್ತಿಗೆಯೊಂದರ ಕಾಲದಲ್ಲಿ, ಕಾವಲುಗಾರ ಗಂಡ ಉಣ್ಣಲು ಕೂತಿದ್ದಾಗ ನೀರಿಗೆ ಹೋದವಳು, ಬಂಡೆಗಳ ನಡುವಿನ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡಳು; ಗಂಡನನ್ನು ಊಟದಿಂದ ಎಬ್ಬಿಸುವ ಬದಲು ಒನಕೆ ಹಿಡಿದು ನಿಂತು, ತಲೆ ತಗ್ಗಿಸಿ ಒಳಬಂದವರನ್ನು ಒಬ್ಬೊಬ್ಬರನ್ನಾಗಿ ಹೊಡೆದು ಪಕ್ಕಕ್ಕೆಳೆದಳು. ದುರ್ಗದವರು ಹೇಳಿಕೊಂಡು ಬಂದ ಕಥೆ ಇದು. ಅವಳು ಛಲವಾದಿ ಕುಲದವಳು. 2021ರಿಂದ ನವೆಂಬರ್ 11ರಂದು ಸರ್ಕಾರ ಅವಳ ಜಯಂತಿಯನ್ನೂ ಆಚರಿಸುತ್ತಿದೆ. ಇಷ್ಟೆಲ್ಲ ಗೌರವ ಸಂದಮೇಲೂ ಒಂದು ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ: ಅವಳ ಉಸ್ತಾದ್ ಯಾರು? ಅವಳದು ಯಾವ ಬಣ್ಣದ ಬೆಲ್ಟು? ಯಾವ ಗರಡಿಯೂ ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಹೆಣ್ಣಾದದ್ದು ಒಂದು ಅಡ್ಡಿ, ಕುಲ ಇನ್ನೊಂದು. ಆದರೂ ತೋಳಿಗೆ ಆ ಬಲ, ಒನಕೆ ಬೀಳುವ ಜಾಗಕ್ಕೆ ಆ ಗುರಿ ಎಲ್ಲಿಂದ ಬಂತು? ದಿನ ಬೆಳಗಾದರೆ ಒರಳಿನ ಮುಂದೆ ನಿಂತು ಕುಟ್ಟಿದವಳು ಅವಳು. ಒನಕೆ ಎತ್ತುವಾಗ ಉಸಿರು ಒಳಕ್ಕೆ, ಇಳಿಸುವಾಗ ಹೊರಕ್ಕೆ. ಒರಳಿನ ಬಾಯಿ ತಪ್ಪಿದರೆ ಧಾನ್ಯವೆಲ್ಲ ನೆಲದ ಪಾಲು. ಜಪಾನಿನಲ್ಲಿ ಇದಕ್ಕೊಂದು ಹೆಸರಿಟ್ಟು, ಬಿಳಿ ಉಡುಪು ತೊಡಿಸಿ, ಪರೀಕ್ಷಾ ಶುಲ್ಕ ಗೊತ್ತುಮಾಡಿರುತ್ತಿದ್ದರು. ನಮ್ಮಲ್ಲಿ ಅದು ಬರೀ ಕುಟ್ಟುವುದು. ಧೈರ್ಯ, ನಿಷ್ಠೆ, ಸಮಯಪ್ರಜ್ಞೆ ಎಂದು ಈಗ ಬ್ಯಾನರಿನಲ್ಲಿ ಬರೆಸುವುದೆಲ್ಲ ಅವಳಲ್ಲಿ ಮೊದಲೇ ಇತ್ತು. ಇಲ್ಲದಿದ್ದದ್ದು ಅದನ್ನು ಕಾಣುವ ಕಣ್ಣು. ಆ ಒಂದು ಮಧ್ಯಾಹ್ನ ಬಾರದೆ ಹೋಗಿದ್ದರೆ ಓಬವ್ವ ಕೊನೆಯತನಕ ಕಾವಲುಗಾರನ ಹೆಂಡತಿಯಾಗಿಯೇ ಇದ್ದುಬಿಡುತ್ತಿದ್ದಳು.

ನಾಲೆಯ ನೀರು ಹರಿಯುವ ಈ ಸೀಮೆಯಲ್ಲೂ ಕಬ್ಬಿನ ಗದ್ದೆಯ ಕೂಲಿಯವರ ಮಕ್ಕಳಿಗೆ, ಆಲೆಮನೆಯ ಪಕ್ಕದ ಗುಡಿಸಲಿನ ಮಕ್ಕಳಿಗೆ ಹೊತ್ತಿಗೆ ಮುಂಚೆ ಏಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನೀರು ಹೊತ್ತು, ಆಮೇಲೆ ಶಾಲೆಗೆ ಬರುವ ಹುಡುಗಿಗೆ ‘ಜವಾಬ್ದಾರಿ’ಯ ಪಾಠ ಹೇಳುವವನಿಗೆ ನಾಚಿಕೆಯಾಗಬೇಕು. ಅವಳಿಗೆ ಬೇಕಿರುವುದು ದಿನವೂ ತಪ್ಪದೆ ಬರುವ, ಹೆಸರು ಹಿಡಿದು ಕರೆಯುವ, ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುವ ಒಬ್ಬರು ದೊಡ್ಡವರು. ಗರಡಿಯ ಗುಟ್ಟು ಇದೇ. ಅಲ್ಲಿ ಯಾರೂ ನೀತಿಬೋಧೆ ಮಾಡುವುದಿಲ್ಲ. ಬಾಗಿಲು ಗಿಡ್ಡ, ಎಷ್ಟು ದೊಡ್ಡ ಪೈಲ್ವಾನನಾದರೂ ಬಗ್ಗಿಯೇ ಒಳಗೆ ಹೋಗಬೇಕು. ಅರಿಸಿನ, ಎಣ್ಣೆ ಬೆರೆಸಿದ ಕೆಮ್ಮಣ್ಣನ್ನು ಅಗೆದು ಮಗುಚುವುದೇ ಎಳೆಯರ ಮೊದಲ ಪಾಠ. ಗೂಡಿನಲ್ಲಿ ಹನುಮಂತ, ಎದುರಿಗೆ ಪಾರಸಿಯಿಂದ ಬಂದ ಹೆಸರು ಹೊತ್ತ ಉಸ್ತಾದ್. ಇಬ್ಬರಿಗೂ ಒಂದೇ ಮಣ್ಣಿನ ಕೈಯಲ್ಲಿ ನಮಸ್ಕಾರ. 2024ರ ಸೆಪ್ಟೆಂಬರಿನಲ್ಲಿ ಗಣೇಶನ ಮೆರವಣಿಗೆಯ ಹೊತ್ತಿಗೆ ನಾಗಮಂಗಲದಲ್ಲಿ ಕೋಮು ಘರ್ಷಣೆಯಾಗಿ ಅಂಗಡಿಗಳಿಗೆ ಬೆಂಕಿ ಬಿದ್ದದ್ದನ್ನು ನೆನೆದರೆ, ಆ ಮಣ್ಣಿನ ಬೆಲೆ ಇನ್ನಷ್ಟು ಏರುತ್ತದೆ.

ಇಲ್ಲಿ ಆಕ್ಷೇಪಿಸುವವರು ಎದ್ದು ನಿಲ್ಲುತ್ತಾರೆ, ನಿಲ್ಲಬೇಕಾದ್ದೇ. ಹೊಡೆದಾಟ ಕಲಿಸಿದರೆ ಹುಡುಗರು ರೌಡಿಗಳಾಗುವುದಿಲ್ಲವೇ? ಆಗಬಹುದು. ನಾರ್ವೆಯಲ್ಲಿ ಎಂಡ್ರೆಸೆನ್, ಓಲ್ವೆಯಸ್ ಎಂಬಿಬ್ಬರು 11ರಿಂದ 13ರ ವಯಸ್ಸಿನ ಹುಡುಗರನ್ನು ಎರಡು ವರ್ಷ ಗಮನಿಸಿ 2005ರಲ್ಲಿ ಬರೆದದ್ದು ಹಿತವಾದ ಸುದ್ದಿಯಲ್ಲ: ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವುದು, ಪೂರ್ವದೇಶಗಳ ಕಾದಾಟದ ಕಲೆಗಳು, ಇವುಗಳಲ್ಲಿ ತೊಡಗಿದ ಹುಡುಗರ ಪುಂಡಾಟ ಹೆಚ್ಚಿತ್ತು. ಇದಕ್ಕೆ ಜೊತೆಯಾಗಿ ಓದಬೇಕಾದ್ದು 1986ರಲ್ಲಿ ಟ್ರಲ್ಸನ್ ಪ್ರಕಟಿಸಿದ ಅಧ್ಯಯನ. ದಾರಿತಪ್ಪಿದ ಹದಿಹರೆಯದವರ ಒಂದು ಗುಂಪಿಗೆ ಆರು ತಿಂಗಳು ಟೇಕ್ವಾಂಡೋವನ್ನು ಅದರ ಧ್ಯಾನ, ವಿನಯ, ಕಟ್ಟುಪಾಡುಗಳ ಸಮೇತ ಕಲಿಸಿದರು. ಇನ್ನೊಂದಕ್ಕೆ ಬರೀ ಹೊಡೆತ ಕಲಿಸಿದರು. ಮೊದಲ ಗುಂಪಿನ ಸಿಟ್ಟು ಇಳಿಯಿತು, ಎರಡನೆಯದರದು ಏರಿತು. ಸಣ್ಣ ಅಧ್ಯಯನ, ಹೆಚ್ಚು ಹೊರೆ ಹೊರಿಸಬಾರದು. ಆದರೂ ಒದೆತ ಒಂದೇ ಆಗಿದ್ದು ಫಲ ಬೇರೆಯಾಯಿತೆಂದರೆ, ಫಲ ಕಾಲಿನಲ್ಲಿಲ್ಲ, ಕಲಿಸಿದ ರೀತಿಯಲ್ಲಿದೆ. 1882ರಲ್ಲಿ ಕೋಡೋಕಾನ್ ಎಂಬ ಜೂಡೋ ಶಾಲೆ ಕಟ್ಟಿದ ಕಾನೋ ಜಿಗೋರೋ ಮೇಷ್ಟ್ರ ವೃತ್ತಿಯವನೇ. ಅವನ ಜೂಡೋದಲ್ಲಿ ಕೆಡವುವುದಕ್ಕಿಂತ ಮುಂಚೆ ಬೀಳುವುದನ್ನು ಕಲಿಸುತ್ತಾರೆ. ಜೊತೆಯವನನ್ನು ಪೆಟ್ಟಾಗದಂತೆ ಕೆಡವಿದವನಿಗೆ ನಾಳೆಯೂ ಜೊತೆಗಾರ ಸಿಗುತ್ತಾನೆ. ಇದನ್ನು ಕರಿಹಲಗೆಯ ಮೇಲೆ ಬರೆದು ಕಲಿಸಲಾಗದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಗುರುವೇ ಕೆಟ್ಟವನಾದರೆ? ಮೈ ಮುಟ್ಟಿ ಕಲಿಸುವ ವಿದ್ಯೆ ಇದು; ಗುರುವಿನ ಮಾತು ಮೀರಬಾರದೆಂಬ ಕಟ್ಟಳೆ ಬೇರೆ. 2023ರ ಜನವರಿಯಲ್ಲಿ ವಿನೇಶ್ ಫೋಗಟ್, ರಿಯೋ ಒಲಿಂಪಿಕ್ಸಿನ ಕಂಚಿನ ಪದಕದ ಸಾಕ್ಷಿ ಮಲಿಕ್ ಮುಂತಾದ ಕುಸ್ತಿಪಟುಗಳು ತಮ್ಮ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ದೇಶದಲ್ಲೇ ಬಲವಾದ ಪಟ್ಟು ಬಲ್ಲ ಹೆಣ್ಣುಮಕ್ಕಳು ಬೀದಿಯಲ್ಲಿ ಕೂರಬೇಕಾಯಿತು. ತೋಳ್ಬಲದಿಂದ ಎಲ್ಲವೂ ಆಗುತ್ತದೆ ಎನ್ನುವವರಿಗೆ ಇಷ್ಟು ಸಾಕು. ನಮ್ಮ ಜಿಲ್ಲೆಯದೇ ಮಾತಾದರೆ, 2023ರ ಕೊನೆಯಲ್ಲಿ ಬಯಲಾದ ಭ್ರೂಣಲಿಂಗ ಪತ್ತೆಯ ಜಾಲಕ್ಕೆ ಮಂಡ್ಯದ ಆಲೆಮನೆಯೊಂದು ಠಿಕಾಣಿಯಾಗಿತ್ತು; ಮರುವರ್ಷ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಂಥ ಪ್ರಕರಣ ಹೊರಬಿತ್ತು. ಹೊಟ್ಟೆಯೊಳಗಿನ ಕೂಸಿಗೆ ಯಾವ ಕರಾಟೆ ಕಲಿಸೋಣ? ಮೌಲ್ಯದ ತರಗತಿ ಯಾರಿಗೆ ನಡೆಯಬೇಕು ಎಂಬ ಪಟ್ಟಿಯಲ್ಲಿ ಹಾಸ್ಟೆಲಿನ ಹುಡುಗಿಯ ಹೆಸರು ಬಹಳ ಕೆಳಗೆ ಬರುತ್ತದೆ. ಕೆಟ್ಟ ಗುರುವಿನ ಮಾತಿಗೆ ಮರಳಿದರೆ, ಕಲಿಸುವವರ ಹಿನ್ನೆಲೆ ವಿಚಾರಿಸಬೇಕು, ತರಗತಿ ನಾಲ್ಕು ಜನ ಕಾಣುವಂತೆ ಬಯಲಲ್ಲಿ ನಡೆಯಬೇಕು, ಆದಷ್ಟೂ ಹೆಂಗಸರೇ ಕಲಿಸಬೇಕು, ‘ಇಲ್ಲ’ ಎನ್ನುವುದನ್ನು ಗುರುವಿಗೇ ಹೇಳಲು ಮೊದಲ ದಿನ ಕಲಿಸಬೇಕು. ಹಳೆಯ ಗರಡಿಗಳಲ್ಲಿ ಇದು ಇರಲಿಲ್ಲ. ಗರಡಿಯನ್ನು ಹೊಗಳುವವರು ಇದನ್ನೂ ಒಪ್ಪಿಕೊಳ್ಳಬೇಕು.

ಈಗ ಲೆಕ್ಕಕ್ಕೆ ಬರೋಣ. ಐದು ಸಾವಿರದಂತೆ ಮೂರು ತಿಂಗಳಿಗೆ ಶಾಲೆಯೊಂದಕ್ಕೆ ಹದಿನೈದು ಸಾವಿರ. ಮೂರು ತಿಂಗಳಲ್ಲಿ ಮುಷ್ಟಿ ಕಟ್ಟುವುದನ್ನು, ಕೈ ಬಿಡಿಸಿಕೊಳ್ಳುವುದನ್ನು, ಗಂಟಲು ಬಿಟ್ಟು ಕೂಗುವುದನ್ನು ಕಲಿಸಬಹುದು. ಅವೂ ಬೇಕು, ಬೇಡವೆನ್ನುವವರಾರು. ಆದರೆ ತಾಲೂಕಿನಿಂದ ಬೈಕಿನಲ್ಲಿ ಬಂದ ತರಬೇತುದಾರ ಮಕ್ಕಳ ಹೆಸರು ಕಲಿಯುವಷ್ಟರಲ್ಲಿ ಬಿಲ್ಲು ಪಾಸಾಗಿ ಮುಂದಿನ ಶಾಲೆಗೆ ಹೊರಟಿರುತ್ತಾನೆ. ವರ್ಷಗಟ್ಟಲೆ ಅಲ್ಲೇ ಇರುವವರು ಬೇಕೆಂದರೆ ಅಂಥವರನ್ನು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಇರುವ ಶಾಲೆಗಳಲ್ಲಿ ಅವರಿಗೇ, ಮೇಡಂ ಇದ್ದರೆ ಇನ್ನೂ ಒಳ್ಳೆಯದು, ಈ ವಿದ್ಯೆ ಕಲಿಸಿಕೊಟ್ಟರೆ ಅಂಗಳವೇ ಗರಡಿಯಾದೀತು. ಸದ್ಯಕ್ಕೆ ಅವರನ್ನು ಕೇಳಿಕೊಂಡು ಶಾಲೆಗೆ ಹೋದರೆ, ಮತದಾರರ ಪಟ್ಟಿ ಹಿಡಿದು ಊರೊಳಗೆ ಹೋಗಿದ್ದಾರೆ.